ನಗದೆ ಬಾರಿಸುವ ಡೀವೋ

ಅಮೆರಿಕದ ರಾಕ್ ಬ್ಯಾಂಡ್ ಡೀವೋದ ಹಾಡುಗಳಿಗೆ ಡ್ರಮ್ಸ್ ಬಾರಿಸಬೇಕೆಂದರೆ ಕೈ ಎಷ್ಟು ಮುಖ್ಯವೋ ಮುಖವೂ ಅಷ್ಟೇ ಮುಖ್ಯ. ಹಳದಿ ಸೂಟು, ಮೆಟ್ಟಿಲು ಮೆಟ್ಟಿಲಾಗಿ ಏರುವ ಕೆಂಪು ಟೋಪಿ, ಯಂತ್ರದ ಹಾಗೆ ಕೈಕಾಲು ಆಡಿಸುವ ಕುಣಿತ ಕಂಡರೆ ಎದುರಿಗಿರುವವರಿಗೆ ನಗು ಬರಲೇಬೇಕು. ವೇದಿಕೆ ಮೇಲಿರುವ ನಾವೇ ನಕ್ಕುಬಿಟ್ಟರೆ ಮುಗಿಯಿತು, ಅದು ಬರೀ ವೇಷ.

ಕೆಲಸಕ್ಕೆಂದು ಓಹಾಯೋಗೆ ಬಂದ ಮೇಲೆ ಇಲ್ಲಿನ ಗೆಳೆಯರ ಜತೆ ಸೇರಿ ಈ ಹಾಡುಗಳನ್ನು ನುಡಿಸತೊಡಗಿದೆ. ಡೀವೋ ಇದೇ ರಾಜ್ಯದ ಆಕ್ರನ್‌ನವರು, ಟೈರ್ ಕಾರ್ಖಾನೆಗಳ ಊರಿನವರು. 1970ರ ಮೇ 4ರಂದು ಪಕ್ಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದರು. ನಾಲ್ವರು ಸತ್ತರು. ಅಲ್ಲಿಯೇ ಓದುತ್ತಿದ್ದ ಜೆರಾಲ್ಡ್ ಕಸಾಲೆಗೆ ಅವರಲ್ಲಿ ಇಬ್ಬರ ಪರಿಚಯವಿತ್ತು. ಮನುಷ್ಯ ವಿಕಾಸವಾಗುತ್ತಿಲ್ಲ, ಹಿಮ್ಮುಖವಾಗಿ ಜಾರುತ್ತಿದ್ದಾನೆ ಎಂದು ಗೆಳೆಯರು ತಮಾಷೆಗೆ ಆಡುತ್ತಿದ್ದ ಮಾತು ಅಂದಿನಿಂದ ತಮಾಷೆಯಾಗಿ ಉಳಿಯಲಿಲ್ಲ. ಅದನ್ನೇ ಇಟ್ಟುಕೊಂಡು ಕಸಾಲೆ, ಮಾರ್ಕ್ ಮದರ್ಸ್‌ಬಾ ಮತ್ತಿತರರು ಬ್ಯಾಂಡ್ ಕಟ್ಟಿದರು. ಇದನ್ನು ತಿಳಿದ ಮೇಲೆ ನನಗೆ ಆ ಹುಚ್ಚುತನದೊಳಗಿನ ಸಿಟ್ಟು ಕೇಳಿಸತೊಡಗಿತು.

ನಾವು ಮೊದಲು ಹಿಡಿದದ್ದು ‘ಜಾಕೋ ಹೋಮೋ’. ಈ ಹಾಡಿನ ಗಿಟಾರ್ ನಡೆ ಏಳು ಪೆಟ್ಟಿನದು. ರಾಕ್ ಬಾರಿಸಿ ರೂಢಿಯಾದ ಕೈ ಪ್ರತಿ ಸುತ್ತಿಗೂ ಎಂಟನೆಯ ಪೆಟ್ಟು ಹುಡುಕುತ್ತದೆ. ಚಿಕ್ಕಂದಿನಲ್ಲಿ ಮೃದಂಗ ಕಲಿತಿದ್ದರಿಂದ ನಾನು ಏಳೆಣಿಕೆಯ ಮಿಶ್ರ ಛಾಪು ತಾಳ ಹಿಡಿದು, ತಕಿಟ ತಕಧಿಮಿ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಕೂತೆ. ಲಯ ಎಣಿಸುವ ಯಂತ್ರವಾದ ಮೆಟ್ರೊನೋಮನ್ನು ಅರ್ಧ ವೇಗಕ್ಕಿಳಿಸಿ ಮೊದಲು ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್ ಒಂದನ್ನೇ, ಅದು ಕೂತ ಮೇಲೆ ಕಾಲಲ್ಲಿ ಬಾರಿಸುವ ಕಿಕ್ ಡ್ರಮ್, ಕೊನೆಗೆ ಸ್ನೇರ್ ಡ್ರಮ್. ಮುಂದೆ ಹಾಡು ಏಳರಿಂದ ನಾಲ್ಕಕ್ಕೆ ಹೊರಳುವ ಜಾಗದಲ್ಲಿ ಎಲ್ಲರೂ ಓಡಲು ನೋಡುತ್ತಾರೆ. ಅಲ್ಲಿ ಅಕ್ಷರಕಾಲ, ಅಂದರೆ ಒಂದೊಂದು ಎಣಿಕೆಯ ಅವಧಿ, ಕೂದಲೆಳೆಯಷ್ಟೂ ಅಲುಗಬಾರದು. ಡೀವೋದ ಡ್ರಮ್ಮರ್ ಅಲನ್ ಮೈಯರ್ಸ್‌ರನ್ನು ಜತೆಗಾರರು ‘ಮಾನವ ಮೆಟ್ರೊನೋಮ್’ ಎನ್ನುತ್ತಿದ್ದರು. 1978ರ ಮೊದಲ ಆಲ್ಬಮ್ ಕೇಳಿದವರಿಗೆ ಅದು ಹೊಗಳಿಕೆ ಅನ್ನಿಸುವುದಿಲ್ಲ, ನಿಜವನ್ನೇ ಹೇಳಿದ್ದಾರೆ ಅನ್ನಿಸುತ್ತದೆ. ಮೇಲೆ ಎಷ್ಟು ಅಸಂಬದ್ಧ ನಡೆದರೂ ಅಡಿಯಲ್ಲಿ ಅಷ್ಟು ಶಿಸ್ತು ಬೇಕು.

ಸೂಟಿನದೇ ಬೇರೆ ಕಥೆ. ಪೇಂಟ್ ಹೊಡೆಯುವವರು ಹಾಕುವ ಬಳಸಿ ಬಿಸಾಡುವ ಕವರಾಲ್ ನಮ್ಮದು. ಗಾಳಿಯಾಡುವುದಿಲ್ಲ, ಎರಡನೇ ಹಾಡಿಗೇ ಬೆನ್ನು ತೊಪ್ಪೆ. ಕೈ ಎತ್ತಿದಾಗಲೆಲ್ಲ ತೋಳು ಪರಪರ ಅನ್ನುತ್ತದೆ, ಆ ಸದ್ದನ್ನು ತಲೆ ಮೇಲಿನ ಮೈಕು ಬಿಡದೆ ಹಿಡಿಯುತ್ತದೆ. ಈಗ ಮೊಣಕೈಯಿಂದ ಮಣಿಕಟ್ಟಿನವರೆಗೆ ಗ್ಯಾಫರ್ ಟೇಪ್ ಎಂಬ ಬಟ್ಟೆಯ ಅಂಟುಪಟ್ಟಿ ಸುತ್ತಿ, ಆ ಮೈಕನ್ನು ತೆಗೆದು, ಸ್ನೇರ್‌ಗೂ ಕಿಕ್‌ಗೂ ಹತ್ತಿರದಲ್ಲೇ ಮೈಕ್ ಇಡುತ್ತೇವೆ. ಸಿಂಬಲ್‌ಗಳ ಸದ್ದು ತುಸು ಹಿಂದೆ ಸರಿಯುತ್ತದೆ. ಈ ಸಂಗೀತಕ್ಕೆ ಅದೇ ಚೆಂದ.

ಸದ್ಯ ‘ಸ್ಯಾಟಿಸ್ಫ್ಯಾಕ್ಷನ್’ ಹಿಡಿದಿದ್ದೇವೆ. ರೋಲಿಂಗ್ ಸ್ಟೋನ್ಸ್ ಹಾಡನ್ನು ಡೀವೋ ಬಿಚ್ಚಿ ಬೇರೆಯೇ ರೀತಿ ಜೋಡಿಸಿದ್ದು. ಅದರಲ್ಲಿ ಡ್ರಮ್ಸ್, ಬಾಸ್, ಗಿಟಾರ್ ಮೂರೂ ಬೇರೆ ಬೇರೆ ಕಡೆಯಿಂದ ಹೊರಟಂತೆ ಕೇಳುತ್ತದೆ. ಗಿಟಾರ್ ಕೇಳಿಸಿಕೊಂಡರೆ ನನ್ನ ಕೈ ತಪ್ಪುತ್ತದೆ, ಹಾಗಾಗಿ ಬಾಸ್‌ನವನ ಕಾಲನ್ನೇ ನೋಡುತ್ತಾ ಬಾರಿಸುತ್ತಿದ್ದೇನೆ.