ನೀರಿನಡಿಯ ಕಬ್ಬಿಣ ನೋಡೋ ಕೆಲಸ – ನನ್ನ ಅನುಭವ

ನಾನು ಡೈವರ್ ಅಲ್ಲ, ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಊರಲ್ಲಿ ಎಲ್ರೂ ಹಾಗೇ ಅಂದ್ಕೊಂಡಿದ್ದಾರೆ. ಮಲ್ಪೆ ಕಡೆಯವನು, ಮೆಕ್ಯಾನಿಕಲ್ ಡಿಪ್ಲೊಮಾ, ಆಮೇಲೆ ಎನ್‌ಡಿಟಿ (ಲೋಹವನ್ನ ಕೊಯ್ಯದೆ, ಒಡೆಯದೆ ಪರೀಕ್ಷೆ ಮಾಡೋದು) ಲೆವೆಲ್ ಟು, ಕೆಲವು ವರ್ಷ ದಡದಲ್ಲೇ ವೆಲ್ಡ್ ಚೆಕ್ ಮಾಡಿ ಸಿಸ್ವಿಪ್ 3.4ಯು, ಅಂದ್ರೆ ನೀರಿನಡಿಯ ತಪಾಸಣೆಯನ್ನ ಮೇಲಿಂದ ನಡೆಸೋರ ಪರೀಕ್ಷೆ, ಪಾಸ್ ಮಾಡ್ಕೊಂಡೆ. ಹೆಲಿಕಾಪ್ಟರ್ ನೀರಿಗೆ ಬಿದ್ರೆ ಹೊರಗೆ ಬರೋ ಟ್ರೇನಿಂಗೂ ಆಯ್ತು, ತಲೆಕೆಳಗಾಗಿ ನೀರೊಳಗೆ ಕೂತು ಬೆಲ್ಟ್ ಬಿಚ್ಚೋದು, ಹೆದರಿಕೆ ಆಗತ್ತೆ, ಆದ್ರೆ ಕಲೀಲೇಬೇಕು.

ಜಾಗ ಬಾಂಬೆ ಹೈ, ಮುಂಬೈಯಿಂದ ಸುಮಾರು 160 ಕಿಮೀ ಪಶ್ಚಿಮಕ್ಕೆ, ಸಮುದ್ರದಲ್ಲಿ. 1970ರ ದಶಕದಲ್ಲಿ ತೈಲ ಸಿಕ್ಕಿದ ಫೀಲ್ಡ್, ಹಾಗಾಗಿ ನೀರೊಳಗೆ ಉಕ್ಕಿನ ಕಾಲೂರಿ ನಿಂತಿರೋ ಹಳೇ ಪ್ಲಾಟ್‌ಫಾರ್ಮ್‌ಗಳು ಜಾಸ್ತಿ. ಮಳೆಗಾಲದಲ್ಲಿ ಡೈವಿಂಗ್ ಇರಲ್ಲ, ಅಕ್ಟೋಬರ್‌ನಿಂದ ಮೇ ಒಳಗೆ ಎಲ್ಲಾ ಮುಗೀಬೇಕು. ಡೈವರ್ ಕೆಳಗೆ, ನಾನು ಹಡಗಿನ ಡೈವ್ ಕಂಟ್ರೋಲ್‌ನಲ್ಲಿ ಅವನ ಹೆಲ್ಮೆಟ್ ಕ್ಯಾಮೆರಾದ ಮಾನಿಟರ್ ಮುಂದೆ, ಏನು ನೋಡ್ಬೇಕು ಎಲ್ಲಿ ಪ್ರೋಬ್ (ಅಳತೆ ತಗೊಳ್ಳೋ ಉಪಕರಣ) ಇಡ್ಬೇಕು ಅಂತ ಹೇಳ್ತಾ ಇರ್ತೀನಿ.

ಅರ್ಧ ಟೈಮ್ ಕ್ಲೀನಿಂಗ್‌ಗೇ ಹೋಗತ್ತೆ. ಮೇಲಿನ ಭಾಗದಲ್ಲಿ ಪಚ್ಚಿಲೆ, ಬಾರ್ನಕಲ್ ಎಲ್ಲಾ ಗಟ್ಟಿಯಾಗಿ ಕೂತಿರತ್ತೆ, ವಾಟರ್ ಜೆಟ್ ಹೊಡೆದು ವೆಲ್ಡ್ ಹೊಳೆಯೋ ತನಕ ಬಿಡಬಾರ್ದು, ಇಲ್ಲಾಂದ್ರೆ ಬಿರುಕು ಕಾಣಲ್ಲ.

ಒಂದು ಸಲ 28 ಮೀಟರ್ ಆಳದ ಒಂದು ನೋಡ್‌ನಲ್ಲಿ (ಉಕ್ಕಿನ ಪೈಪ್‌ಗಳು ಸೇರೋ ಜಾಯಿಂಟ್) ಸಿಪಿ ರೀಡಿಂಗ್, ಅಂದ್ರೆ ತುಕ್ಕು ತಡೆಯೋ ವ್ಯವಸ್ಥೆ ಕೆಲಸ ಮಾಡ್ತಿದೆಯಾ ಅಂತ ನೋಡೋ ವೋಲ್ಟೇಜ್ ಅಳತೆ, ತಗೋತಾ ಇದ್ವಿ. ಮೈನಸ್ 800 ಮಿಲಿವೋಲ್ಟ್ ಅಥವಾ ಅದಕ್ಕಿಂತ ನೆಗೆಟಿವ್ ಬಂದ್ರೆ ಉಕ್ಕಿಗೆ ತುಕ್ಕಿನಿಂದ ರಕ್ಷಣೆ ಇದೆ ಅಂತ ಲೆಕ್ಕ. ಅಕ್ಕಪಕ್ಕ ಎಲ್ಲಾ ಮೈನಸ್ 880, 890, ಇಲ್ಲಿ ಮಾತ್ರ ಮೈನಸ್ 768. ಗಾಳಿ ಏಳ್ತಾ ಇತ್ತು, ಡೈವರ್‌ನ ಬಾಟಮ್ ಟೈಮೂ (ಅವನು ಕೆಳಗೆ ಇರಬಹುದಾದ ಸಮಯ) ಮುಗೀತಾ ಬಂದಿತ್ತು. ಪಕ್ಕದಲ್ಲಿದ್ದ ಸೀನಿಯರ್ ಒಬ್ರು, ಪ್ರೋಬ್ ಸರಿಯಾಗಿ ತಾಗಿಲ್ಲ, ಪಕ್ಕದ ರೀಡಿಂಗೇ ಬರ್ಕೋ ಮಾರಾಯ ಅಂದ್ರು. ನಾನು ಬರೀಲಿಲ್ಲ. ತಾಗದೇ ಇದ್ರೆ ನಂಬರ್ ಕುಣೀತಾ ಇರತ್ತೆ, ಇದು ಕಲ್ಲಿನ ಹಾಗೆ ನಿಂತಿತ್ತು. ಪ್ರೋಬ್ ಮೇಲೆ ತರಿಸಿ, ಬಕೆಟ್‌ನಲ್ಲಿ ಸಮುದ್ರದ ನೀರು ತುಂಬಿ ಝಿಂಕ್ ಬ್ಲಾಕ್‌ಗೆ ಇಟ್ಟು ನೋಡಿದೆ, ಮೈನಸ್ 1035 ತೋರಿಸ್ತು, ಝಿಂಕ್‌ಗೆ ಹತ್ತಿರ ಹತ್ತಿರ ಅಷ್ಟೇ ಬರ್ಬೇಕು, ಅಂದ್ರೆ ಪ್ರೋಬ್ ಸರಿ ಇದೆ. ಮಾರನೇ ದಿನ ಬೇರೆ ಡೈವರ್, ತುದಿ ಹೊಸದಾಗಿ ಚೂಪು ಮಾಡಿ ಕೊಟ್ವಿ, 770.

ಹತ್ತಿರದ ಆನೋಡ್ ತೋರ್ಸಪ್ಪಾ ಅಂದೆ. ಕ್ಯಾಮೆರಾ ತಿರುಗಿಸಿದ. ಆನೋಡ್ ಅಂದ್ರೆ ಉಕ್ಕಿನ ಬದಲು ತಾನೇ ಕರಗಲಿ ಅಂತ ಕಟ್ಟಿರೋ ದಪ್ಪ ಅಲ್ಯೂಮಿನಿಯಂ ತುಂಡು; ಅಲ್ಲಿ ಒಳಗಿನ ಪೈಪ್ ಮಾತ್ರ ಉಳಿದಿತ್ತು, ಬಡಕಲು ಮೂಳೆ ಥರ. ಅದರ ಮೇಲಿಂದೂ ಹಾಗೇ. ಅನಾಮಲಿ ರಿಪೋರ್ಟ್ (ಸರಿಯಿಲ್ಲದ್ದು ಕಂಡ್ರೆ ಕೊಡೋ ವರದಿ) ಹಾಕಿದೆ, ಫೋಟೋ, ಎರಡೂ ದಿನ ಪ್ರೋಬ್ ಸರಿ ಇದೆಯಾ ಅಂತ ನೋಡಿದ ಕ್ಯಾಲಿಬ್ರೇಶನ್ ಸಮೇತ.

ರೈಸರ್, ಅಂದ್ರೆ ಸಮುದ್ರದ ತಳದಿಂದ ಪ್ಲಾಟ್‌ಫಾರ್ಮ್‌ಗೆ ತೈಲ, ಗ್ಯಾಸ್ ಹತ್ತಿಸೋ ಪೈಪ್, ಅದರ ಹತ್ರ ಬಂದ್ರೆ ನಾನು ಇನ್ನೂ ನಿಧಾನ. 2005ರ ಜುಲೈ 27ಕ್ಕೆ ಇದೇ ಬಾಂಬೆ ಹೈ ನಾರ್ತ್‌ನಲ್ಲಿ ಹಡಗೊಂದು ರೈಸರ್‌ಗೆ ಬಡಿದು, ಗ್ಯಾಸ್ ಸೋರಿ ಬೆಂಕಿ ಹತ್ತಿ 22 ಜನ ತೀರ್ಕೊಂಡ್ರು. ಕ್ಲ್ಯಾಂಪ್, ಗಾರ್ಡ್, ಒಂದೊಂದು ಬೋಲ್ಟೂ ಡೈವರ್ ಕೈಯಲ್ಲಿ ಅಲ್ಲಾಡಿಸಿ ನೋಡಿಸ್ತೀನಿ, ಎಷ್ಟು ಬೈದ್ರೂ ಸರಿ.

ಮುಂದಿನ ಸೀಸನ್‌ನಲ್ಲಿ ಆ ನೋಡ್ ಹತ್ರ ಹೊಸ ಆನೋಡ್ ಕ್ಲ್ಯಾಂಪ್ ಮಾಡಿದ್ರು. ರೀಡಿಂಗ್ ತಗೊಳ್ಳೋಕೆ ನಾನೇ ಹೋಗಿದ್ದೆ, ಮೈನಸ್ 912 ಬಂತು.