ಬಣ್ಣ ಹಚ್ಚಿದ ಲೇತ್ ಮತ್ತು ಚಿಕ್ಕಪ್ಪನ ಉಗುರು

ಅಡಿಕೆ ಸುಲಿಯುವ ಯಂತ್ರದ ಒಂದು ಶಾಫ್ಟ್ ಸವೆದರೂ ಮೊದಲೆಲ್ಲ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಓಡಬೇಕಿತ್ತು. ಕೊಯ್ಲಿನ ಹೊತ್ತಲ್ಲಿ ಅಲ್ಲೂ ಸರದಿ. ನನ್ನ ವೆಲ್ಡಿಂಗ್ ಶೆಡ್ಡಿಗೇ ಒಂದು ಲೇತ್, ಅಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ, ತರೋಣ ಅಂತ ಹೊರಟೆ. ಹೊಸದಕ್ಕೆ ದುಡ್ಡಿಲ್ಲ, ಹಳೆಯದೇ ಗತಿ. ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಟರ್ನರ್ (ಲೇತ್ ಕೆಲಸಗಾರ) ಆಗಿದ್ದು ನಿವೃತ್ತರಾದ ಚಿಕ್ಕಪ್ಪನನ್ನು ಜೊತೆಗೆ ಕರೆದುಕೊಂಡು ಹೋದೆ.

ಬೆಂಗಳೂರಿನ ಪೀಣ್ಯದ ಕಡೆ ಒಂದು ಗೋದಾಮು. ಸಾಲು ಲೇತ್‌ಗಳು, ಎಲ್ಲಕ್ಕೂ ಅದೇ ಹಸಿರು ಬಣ್ಣ. ಮುಟ್ಟಿದರೆ ಇನ್ನೂ ಕೈಗೆ ಅಂಟುತ್ತಿತ್ತು. ಒಂದು ಆರಡಿ ಲೇತ್ ನನಗೆ ತುಂಬಾ ಹಿಡಿಸಿತು. ಚಿಕ್ಕಪ್ಪ ಅದರ ಚಕ್ (ತುಂಡನ್ನು ಹಿಡಿದು ತಿರುಗಿಸುವ ಭಾಗ) ಹತ್ತಿರ ಬೆಡ್ಡಿನ, ಅಂದರೆ ಲೇತಿನ ಉದ್ದದ ಹಾಸಿನ, ಎಣ್ಣೆ ಒರೆಸಿ, ಉಗುರನ್ನು ಅಡ್ಡಡ್ಡ ಎಳೆದರು. "ನೀನೂ ಎಳೆದು ನೋಡೋ ಮಾರಾಯ." ಕತ್ತರಿಸುವ ಉಳಿ ಹೊತ್ತ ಸ್ಯಾಡಲ್ ಓಡಾಡುವ ಜಾಗ ಮುಗಿದು, ಅದು ಮುಟ್ಟದ ಅಂಚು ಶುರುವಾಗುವ ಕಡೆ ಉಗುರು ಟಕ್ ಅಂತ ಸಿಕ್ಕಿಕೊಂಡಿತು. ಅಷ್ಟು ಸವೆದಿತ್ತು ಬೆಡ್.

ಆಮೇಲೆ ಸ್ಯಾಡಲನ್ನು ಚಕ್ ಪಕ್ಕದಿಂದ, ತುಂಡಿನ ಇನ್ನೊಂದು ಕೊನೆಗೆ ಆನಿಕೆ ಕೊಡುವ ಟೇಲ್‌ಸ್ಟಾಕ್ ತುದಿವರೆಗೆ ಕೈಯಲ್ಲೇ ಓಡಿಸಿದರು. ಚಕ್ ಹತ್ತಿರ ಸಡಿಲ, ಆ ತುದಿಗೆ ಹೋಗ್ತಾ ಹೋಗ್ತಾ ಬಿಗಿ. ದಿನದ ಕೆಲಸವೆಲ್ಲ ಚಕ್ ಹತ್ತಿರವೇ ಅಲ್ವಾ, ಸವೆತವೂ ಅಲ್ಲೇ ಜಾಸ್ತಿ. ಬೇರಿಂಗ್, ಬೆಲ್ಟ್, ಮೋಟರ್ ಯಾವತ್ತಾದರೂ ಬದಲಾಯಿಸಬಹುದು. ಬೆಡ್ ಗ್ರೈಂಡಿಂಗ್ (ಸವೆದ ಹಾಸನ್ನು ಅರೆದು ಸಮ ಮಾಡುವುದು) ಮಾಡಿಸಬೇಕೆಂದರೆ ಲೇತ್ ಪೂರ್ತಿ ಬಿಚ್ಚಿ ಮತ್ತೆ ಹೊರಬೇಕು.

ಮೂಲೆಯಲ್ಲಿ ಬಣ್ಣ ಕಾಣದೇ ಒಂದು ನಿಂತಿತ್ತು, ಮೈಯೆಲ್ಲ ಜಿಡ್ಡು. ಅಲ್ಲಿ ಉಗುರು ನುಣ್ಣಗೆ ಜಾರಿತು. ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು, ಚಕ್ಕಿಗೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿದರೆ ಮುಳ್ಳು ಎರಡು ಗೆರೆ ಆಡಿತು, 0.02 ಮಿ.ಮೀ. ಕರೆಂಟ್ ಕೊಡಿಸಿ, ದಪ್ಪ ರಾಡ್ ಹಿಡಿದು ಆರು ಇಂಚು ಟರ್ನಿಂಗ್ ಮಾಡಿದೆವು. ಮೈಕ್ರೋಮೀಟರಿನಲ್ಲಿ ಎರಡು ತುದಿಗೂ 0.03 ಮಿ.ಮೀ. ವ್ಯತ್ಯಾಸ. ಅಡಿಕೆ ಯಂತ್ರಕ್ಕೆ, ಟಿಲ್ಲರಿಗೆ ಇಷ್ಟು ಧಾರಾಳ. 1,15,000 ಹೇಳಿದವರು 95,000ಕ್ಕೆ ಒಪ್ಪಿದರು.

ಎಡವಿದ್ದು ನಾನೇ. ಥ್ರೆಡ್ (ತಿರುಪಿನ ಸುರುಳಿ) ಕತ್ತರಿಸಲು ಬೇಕಾದ ಗೇರುಗಳನ್ನು ಎಣಿಸಲೇ ಇಲ್ಲ. "ಒಳಗಿವೆ, ಲೋಡ್ ಜೊತೆ ಕಳಿಸ್ತೀವಿ" ಅಂದರು. ಬಂದ ಡಬ್ಬದಲ್ಲಿ 127 ಹಲ್ಲಿನ ಗೇರ್ ಇರಲಿಲ್ಲ. ಥ್ರೆಡ್ ಕತ್ತರಿಸುವಾಗ ಸ್ಯಾಡಲನ್ನು ಎಳೆಯುವ ಉದ್ದ ತಿರುಪು, ಲೀಡ್ ಸ್ಕ್ರೂ, ನನ್ನ ಲೇತಿನಲ್ಲಿ ಇಂಚಿನ ಲೆಕ್ಕದ್ದು. ಒಂದು ಇಂಚು ಅಂದರೆ 25.4 ಮಿ.ಮೀ., ಅದರ ಐದು ಪಟ್ಟು 127. ಆ ಗೇರ್ ಇಲ್ಲದೆ ಮಿಲಿಮೀಟರ್ ಥ್ರೆಡ್ ಕರಾರುವಾಕ್ಕಾಗಿ ಬರಲ್ಲ. ಫೋನ್ ಮಾಡಿದಾಗೆಲ್ಲ "ನಾಳೆ". 127 ಒಂದು ಮತ್ತು ತನ್ನಿಂದ ಬಿಟ್ಟರೆ ಯಾವ ಸಂಖ್ಯೆಯಿಂದಲೂ ಭಾಗವಾಗದ್ದು, ವೃತ್ತವನ್ನು ಸಮಭಾಗ ಮಾಡಿಕೊಡುವ ಸಾಧಾರಣ ಡಿವೈಡಿಂಗ್ ಹೆಡ್ಡಿನಲ್ಲಿ ಸುಲಭವಾಗಿ ಕತ್ತರಿಸಲಾಗದು. ಕೊನೆಗೆ ಗೇರ್ ಹಾಬಿಂಗ್ (ಯಂತ್ರದಲ್ಲಿ ಗೇರಿನ ಹಲ್ಲು ಕಡಿಯುವ ಕೆಲಸ) ಮಾಡುವವರನ್ನು ಹುಡುಕಿ ಮಾಡಿಸಿದೆ. ಎರಡು ತಿಂಗಳು ಹಾಗೇ ಹೋಯಿತು.

ಇಳಿಸಲು ಜೆಸಿಬಿ ಕರೆಸಿದ್ದೆ. ಅದರ ಹುಡುಗ ಎತ್ತುವ ಬೆಲ್ಟನ್ನು ಲೀಡ್ ಸ್ಕ್ರೂಗೂ ಸೇರಿಸಿ ಸುತ್ತಿಬಿಟ್ಟಿದ್ದ. ಚಿಕ್ಕಪ್ಪ ಕೂಗಿಕೊಂಡರು. ಆ ಭಾರಕ್ಕೆ ಸ್ಕ್ರೂ ಬಗ್ಗಿದ್ದರೆ ಅಷ್ಟೇ ಕಥೆ. ಹೆಡ್‌ಸ್ಟಾಕ್ (ಚಕ್ ಇರುವ ತಲೆ) ಕಡೆ ಭಾರ ಜಾಸ್ತಿ, ಹಾಗಾಗಿ ಸ್ಯಾಡಲನ್ನೂ ಟೇಲ್‌ಸ್ಟಾಕನ್ನೂ ಇನ್ನೊಂದು ತುದಿಗೆ ತಳ್ಳಿ ತೂಕ ಸರಿದೂಗಿಸಿ ಎತ್ತಿಸಿದರು. ಶೆಡ್ಡಿಗೆ ತ್ರೀ ಫೇಸ್ ಮೊದಲೇ ಇತ್ತು, ಅದೊಂದು ತಲೆನೋವು ತಪ್ಪಿತು.

ಇನ್ನು ನಮ್ಮ ಮಳೆ. ಮೊದಲ ಆಷಾಢದಲ್ಲಿ ಲೇತಿಗೆ ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಿ ನಾಲ್ಕು ದಿನ ಊರಿಗೆ ಹೋಗಿದ್ದೆ. ಬಂದು ತೆಗೆದರೆ ಬೆಡ್ಡೆಲ್ಲ ಕೆಂಪು, ಒಳಗೇ ಬೆವರಿ ತುಕ್ಕು ಹಿಡಿದಿತ್ತು. ಸೀಮೆಎಣ್ಣೆ, ನೈಲಾನ್ ಬ್ರಷ್ ಹಿಡಿದು ಒಂದು ಇಡೀ ದಿನ ಉಜ್ಜಿದೆ. ಈಗ ಟಾರ್ಪಾಲ್ ಸೌದೆ ಮೇಲಿದೆ. ಲೇತಿಗೆ ಸಂಜೆ ದಪ್ಪ ಎಣ್ಣೆ ಸವರಿ, ಎಣ್ಣೆಯಲ್ಲೇ ನೆನೆಸಿದ ಹಳೆ ಕಾಟನ್ ಪಂಚೆ ಹಾಸ್ತೀನಿ.