ಲ್ಯೂಕ್ ಕೆಲಿಯನ್ನು ಕೇಳುವುದು ಹೇಗೆ

ಡಬ್ಲಿನ್‌ಗೆ ಬರುವ ನಮ್ಮ ಹುಡುಗರು ಟೆಂಪಲ್ ಬಾರ್ ಎಂಬ ಪಬ್‌ಗಳ ಕೇರಿಯಲ್ಲಿ ಒಂದು ಸಂಜೆ ಚಪ್ಪಾಳೆ ತಟ್ಟಿ, ಐರಿಷ್ ಜಾನಪದ ಕೇಳಿಯಾಯ್ತು ಅಂದುಬಿಡುತ್ತಾರೆ. ನಾನು ಇಲ್ಲೇ ಇರುವವನು. ನನ್ನನ್ನು ಕೇಳಿದರೆ ಗಾಯಕ ಲ್ಯೂಕ್ ಕೆಲಿಯಿಂದ ಶುರು ಮಾಡಿ ಅನ್ನುತ್ತೇನೆ.

ಅವನು ಡಬ್ಲಿನರ್ಸ್ ಎಂಬ ಐರಿಷ್ ಜಾನಪದ ತಂಡದವನು. ಹಾಗಂತ ಮೊದಲೇ ಅವರ ಕುಡಿತದ ಹಾಡುಗಳಿಗೆ ಕೈ ಹಾಕಬೇಡಿ. 1967ರಲ್ಲಿ ಬ್ರಿಟನ್ನಿನಲ್ಲಿ ಹಿಟ್ ಆದ 'ಸೆವೆನ್ ಡ್ರಂಕನ್ ನೈಟ್ಸ್' ಹಾಡಿದ್ದು ಅದೇ ತಂಡದ ರಾನಿ ಡ್ರೂ, ಲ್ಯೂಕ್ ಅಲ್ಲ.

ಮೊದಲು 'ರಾಗ್ಲನ್ ರೋಡ್' ಹಾಕಿ. ಇದು ಪ್ಯಾಟ್ರಿಕ್ ಕ್ಯಾವನಾ ಬರೆದ ಕವಿತೆ. ನಮ್ಮ ಭಾವಗೀತೆಯ ಹಾಗೇ, ಆದರೆ ಧಾಟಿ ಮಾತ್ರ ಹಳೆಯ ಐರಿಷ್ ಹಾಡಿನದು. ಬೇಲಿ ಎಂಬ ಪಬ್‌ನಲ್ಲಿ ಸಿಕ್ಕ ಕವಿಯೇ ಇದನ್ನು ತನಗೆ ಕೊಟ್ಟರು ಅಂತ ಲ್ಯೂಕ್ ಹೇಳಿದ್ದಾನೆ. ಸಾಹಿತ್ಯ ಎದುರಿಗೆ ಇಟ್ಟುಕೊಂಡು ಒಂದು ಸಲ ಕೇಳಿ. ಇನ್ನೊಂದು ಸಲ ಕಾಗದ ಪಕ್ಕಕ್ಕಿಟ್ಟು, ಅವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಅಂತ ಮಾತ್ರ ಗಮನಿಸಿ. ದನಿಯನ್ನು ನಯ ಮಾಡುವುದಿಲ್ಲ, ಆದರೂ ಒಂದು ಅಕ್ಷರವೂ ನುಂಗಿಹೋಗುವುದಿಲ್ಲ.

ಆ ದನಿ ಎಲ್ಲಿಂದ ಬಂತು ಅಂತ ಗೊತ್ತಿರಲಿ. ಹುಟ್ಟಿದ್ದು 1940ರಲ್ಲಿ, ಬಂದರಿನ ಪಕ್ಕದ ಶೆರಿಫ್ ಸ್ಟ್ರೀಟ್‌ನಲ್ಲಿ. ಅಪ್ಪ ಬಿಸ್ಕತ್ ಫ್ಯಾಕ್ಟರಿ ಕೆಲಸಗಾರ. ಹುಡುಗ ಹದಿಮೂರಕ್ಕೇ ಶಾಲೆ ಬಿಟ್ಟ, ಆಮೇಲೆ ಕೆಲಸಕ್ಕೆ ಇಂಗ್ಲೆಂಡಿಗೆ ಹೋದ. ಅಲ್ಲಿನ ಫೋಕ್ ಕ್ಲಬ್ಬುಗಳು, ಎಡಪಂಥದ ಗೆಳೆಯರು, ಹಾಡುಗಾರ ಯುವನ್ ಮೆಕಾಲ್‌ನ ಹಾಡುಗಳು ಅವನನ್ನು ತಿದ್ದಿದವು. ಹಾಗಾಗಿ ಎರಡನೆಯದಾಗಿ ಮೆಕಾಲ್ ಬರೆದ 'ಶೋಲ್ಸ್ ಆಫ್ ಹೆರಿಂಗ್' ಕೇಳಿ. ಮೀನುಗಾರನ ದುಡಿಮೆಯ ಹಾಡು. ಅಯ್ಯೋ ಪಾಪ ಅನ್ನುವ ರಾಗ ಎಲ್ಲೂ ಇಲ್ಲ, ಅದೇ ನನಗೆ ಇಷ್ಟ.

ಮೂರನೆಯದು ಫಿಲ್ ಕೋಲ್ಟರ್ ಬರೆದ 'ದಿ ಟೌನ್ ಐ ಲವ್ಡ್ ಸೋ ವೆಲ್'. ಉತ್ತರ ಐರ್ಲೆಂಡಿನ ಡೆರ್ರಿ ಊರಿನ ಕಥೆ. ಬಾಲ್ಯದ ಚರಣಗಳನ್ನು ಸುಮ್ನೆ ಕೇಳುತ್ತಾ ಹೋಗಿ. ಸೈನಿಕರು, ಮುಳ್ಳುತಂತಿ ಬಂದಾಗ ಅವನ ದನಿ ಏನಾಗುತ್ತದೆ ನೋಡಿ.

1980ರಲ್ಲಿ ಕಾರ್ಕ್‌ನ ವೇದಿಕೆಯ ಮೇಲೆ ಕುಸಿದುಬಿದ್ದ. ಮೆದುಳಿನಲ್ಲಿ ಗಡ್ಡೆ. ಆಪರೇಷನ್ ನಂತರವೂ ಹಾಡಿದ, 1984ರ ಜನವರಿ 30ರಂದು ತೀರಿಕೊಂಡ. ಆ ಕೊನೆಯ ವರ್ಷಗಳ ವಿಡಿಯೋಗಳನ್ನು ಈ ಮೂರೂ ಹಾಡು ಕೇಳಿದ ಮೇಲೆ ನೋಡಿ, ಮೊದಲೇ ಬೇಡ.

ಡಬ್ಲಿನ್‌ನಲ್ಲಿದ್ದರೆ, ತಂಡ ಶುರುವಾದ ಓಡನಹ್ಯೂಸ್ ಪಬ್ ಮೆರಿಯನ್ ರೋನಲ್ಲಿ ಇನ್ನೂ ಇದೆ. 2019ರಲ್ಲಿ ಒಂದೇ ದಿನ ಅವನ ಎರಡು ಪ್ರತಿಮೆ ಅನಾವರಣವಾದವು. ಸೌತ್ ಕಿಂಗ್ ಸ್ಟ್ರೀಟ್‌ನದರಲ್ಲಿ ಬ್ಯಾಂಜೊ ಹಿಡಿದು ಕೂತಿದ್ದಾನೆ. ಗಿಲ್ಡ್ ಸ್ಟ್ರೀಟ್‌ನದು ಬರೀ ತಲೆ, ಕೂದಲೆಲ್ಲ ತಾಮ್ರದ ತಂತಿ. ಒಂದನ್ನೇ ನೋಡಲು ಸಮಯವಿದ್ದರೆ ಎರಡನೆಯದಕ್ಕೆ ಹೋಗಿ, ಅದು ಅವನು ಹುಟ್ಟಿದ ಕೇರಿಯ ಪಕ್ಕದಲ್ಲಿದೆ. ಸ್ಪೆನ್ಸರ್ ಡಾಕ್‌ನಲ್ಲಿ ಟ್ರಾಮ್ ಇಳಿದರೆ ನಡೆದೇ ಹೋಗಬಹುದು.